ಮದ್ದೂರಿನ ಛತ್ರಕ್ಕೆ ನಾನು ಬರೆದ ನಲವತ್ತಾರು ಪರೀಕ್ಷೆಗಳು

ಡಿಸೆಂಬರ್ 18, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಈ ಕೆಲಸ ಶುರುವಾಯಿತು. ನಮ್ಮ ಯಜಮಾನರು ನನ್ನ ಮೇಜಿನ ಬಳಿ ನಿಂತು, ಕಾಫಿ ಲೋಟವನ್ನು ನನ್ನ ಡೈರಿಯ ಮೇಲೆಯೇ ಇಟ್ಟು, "ಜನವರಿ ಹದಿನೈದರೊಳಗೆ ಎಲ್ಲಾ ಹಸಿರು ಕಾಣ್ಬೇಕು ಕಣಮ್ಮ" ಎಂದರು. ಯಾವುದು ಹಸಿರು ಕಾಣಬೇಕು, ಯಾಕೆ ಕಾಣಬೇಕು ಎಂದು ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದು ನಾನು ನಂಬುವುದೂ ಇಲ್ಲ.

ನಮ್ಮದು ಮಂಡ್ಯದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಐದು ಜನ ಕೂತು ವೆಬ್‌ಸೈಟು ಮಾಡುವ ಕಚೇರಿ. ನಾನು ಗುತ್ತಲಿನಿಂದ ನಡೆದೇ ಬರುತ್ತೇನೆ, ಇಪ್ಪತ್ತಾರು ನಿಮಿಷ. ಆಗ ನಮಗೆ ಸಿಕ್ಕಿದ್ದ ದೊಡ್ಡ ಕೆಲಸವೆಂದರೆ ಮದುವೆ ಛತ್ರಗಳದ್ದು. ಒಬ್ಬರೇ ಮಾಲೀಕರಿಗೆ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ಛತ್ರವಿದೆ. ಜನ ಮನೆಯಲ್ಲಿ ಕೂತು ಫೋನಿನಲ್ಲೇ ಛತ್ರ ಕಾದಿರಿಸುವಂತಾಗಬೇಕು ಎಂಬುದು ಅವರ ಆಸೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಛತ್ರಗಳು ಖಾಲಿ. ಆ ತಿಂಗಳಲ್ಲೇ ಸೈಟು ಮುಗಿಸಿ, ಸಂಕ್ರಾಂತಿಯ ಮಾರನೇ ದಿನ ತೆರೆಯಬೇಕು.

ನನ್ನ ಪಾಲಿಗೆ ಬಂದದ್ದು ಪರೀಕ್ಷೆ. ಮಾಡಿಸಿದವರು "ನಾವು ಕೇಳಿದ್ದು ಇದೇ" ಎಂದು ಒಪ್ಪಿಕೊಳ್ಳುವ ಮುಂಚೆ ಸೈಟನ್ನು ಗಿರಾಕಿಯ ಹಾಗೆ ಬಳಸಿ ನೋಡಬೇಕು. ಅದನ್ನು ಮನುಷ್ಯರು ಕೂತು ಮಾಡುವುದಿಲ್ಲ. ಪರದೆಯೇ ಇಲ್ಲದ ಒಂದು ಬ್ರೌಸರು ತಾನಾಗಿ ಸೈಟು ತೆರೆಯುತ್ತದೆ, ದಿನ ಆರಿಸುತ್ತದೆ, ಗುಂಡಿ ಒತ್ತುತ್ತದೆ, ಬಂದ ಉತ್ತರವನ್ನು ನಾನು ಬರೆದಿಟ್ಟ ಉತ್ತರದ ಜೊತೆ ಹೋಲಿಸುತ್ತದೆ. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಹೀಗೆ ನಡೆಯಲು ಅದಕ್ಕೊಂದು ಬೇರೆ ಮನೆ ಕಟ್ಟಿಕೊಡಬೇಕು: ಅಸಲಿ ಸೈಟಿನ ಪಡಿಯಚ್ಚು, ಸುಳ್ಳು ಗಿರಾಕಿಗಳು, ಯಾರಿಗೂ ಹೋಗದ ಮೆಸೇಜು, ಪ್ರತಿ ಸಲವೂ ತೊಳೆದು ಮೊದಲಿನ ಸ್ಥಿತಿಗೆ ತರುವ ದಾಖಲೆ. ಆ ಮನೆ ಕಟ್ಟಲು ನನಗೆ ಹತ್ತೊಂಬತ್ತು ಕೆಲಸದ ದಿನ ಹಿಡಿಯಿತು.

ಅದರಲ್ಲಿ ನಾಲ್ಕು ದಿನ ಗಡಿಯಾರಕ್ಕೇ ಹೋಯಿತು. ಬಾಡಿಗೆಗೆ ತೆಗೆದುಕೊಂಡ ಕಂಪ್ಯೂಟರು ನಮಗಿಂತ ಐದೂವರೆ ಗಂಟೆ ಹಿಂದೆ ಓಡುತ್ತಿತ್ತು. ಮುಂಜಾನೆ ಐದಕ್ಕೆ ಕಾದಿರಿಸಿದರೆ ಹಿಂದಿನ ದಿನಕ್ಕೆ ಬರೆದುಕೊಳ್ಳುತ್ತಿತ್ತು. ಅದನ್ನು ಹುಡುಕಿ, ಸರಿಪಡಿಸಿ, ಮಧ್ಯರಾತ್ರಿ ಹನ್ನೆರಡಕ್ಕೆ ದಿನ ಮುಗಿದು ಹನ್ನೆರಡಕ್ಕೇ ಮತ್ತೊಂದು ಶುರುವಾಗುವಂತೆ ಮಾಡಿದೆ. ಡೈರಿಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹೆಮ್ಮೆಯಾಗಿತ್ತು.

ಉಳಿದ ದಿನಗಳನ್ನು ತಿಂದದ್ದು ಪಕ್ಕದ ಮೇಜಿನ ಸಹೋದ್ಯೋಗಿ. ಸೈಟು ಬರೆದವನು ಅವನೇ. ನನ್ನ ಪರೀಕ್ಷೆ ಕೆಂಪಾದಾಗಲೆಲ್ಲ ಅವನು ಸೈಟು ತಿದ್ದುತ್ತಿರಲಿಲ್ಲ. ನಾನು ಊಟಕ್ಕೆ ಹೋದಾಗ ಆ ಪರೀಕ್ಷೆಯ ತಲೆಯ ಮೇಲೆ "ಸದ್ಯಕ್ಕೆ ಬಿಡು" ಎಂಬ ಗುರುತು ಹಾಕುತ್ತಿದ್ದ. ಹಾಗೆ ಬಿಟ್ಟದ್ದು ಪಟ್ಟಿಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಣಿಸಿದೆ: ಒಂಬತ್ತು. ಒಂಬತ್ತನ್ನೂ ತೆಗೆದುಹಾಕಿದೆ. ಮರುದಿನ ಮತ್ತೆ ನಾಲ್ಕು.

"ಬುಡಮ್ಮ ಅತ್ಲಾಗೆ. ಯಾರ್ ನೋಡ್ತಾರೆ?"

"ನಾನು ನೋಡ್ತೀನಿ."

"ಅದಕ್ಕೇ ನಿಂಗೆ ಇನ್ನೂ ಮದ್ವೆ ಆಗಿಲ್ಲ ಕಣೇ."

ಇದು ಅವನ ವಾದ. ಪೂರ್ತಿಯಾಗಿ ಬರೆದಿದ್ದೇನೆ, ಏನೂ ಬಿಟ್ಟಿಲ್ಲ.

ಮಾಲೀಕರಿಂದ ಬಂದ ಷರತ್ತುಗಳ ಪಟ್ಟಿ ಇದಕ್ಕಿಂತ ಮೇಲೇನೂ ಅಲ್ಲ. ಒಟ್ಟು ಹದಿನಾಲ್ಕು ಷರತ್ತು. ಆರು ಷರತ್ತು ಮಾಲೀಕರ ಫೋಟೊ ಎಷ್ಟು ದೊಡ್ಡದಿರಬೇಕು, ಎಲ್ಲೆಲ್ಲಿ ಬರಬೇಕು ಎಂಬ ಬಗ್ಗೆ. ಮೂರು ಬಣ್ಣದ ಬಗ್ಗೆ. ಒಂದು, ಸೈಟು ತೆರೆದ ಕೂಡಲೇ ನಾದಸ್ವರ ಕೇಳಬೇಕು ಎಂದು. ಮದುವೆ ಎಂಬ ಪದ ಇಡೀ ಪಟ್ಟಿಯಲ್ಲಿ ಒಂದೇ ಸಲ ಬಂದಿತ್ತು, ಅದೂ ತಲೆಬರಹದಲ್ಲಿ. ಛತ್ರದ ಬಗ್ಗೆ ಇದ್ದ ಷರತ್ತು ಹನ್ನೊಂದನೆಯದು: "ಒಂದು ಛತ್ರವನ್ನು ಒಂದೇ ದಿನಕ್ಕೆ ಇಬ್ಬರಿಗೆ ಕೊಡಕೂಡದು." ಇದನ್ನು ನಾನು ಪರೀಕ್ಷೆ 31 ಎಂದು ಬರೆದುಕೊಂಡೆ.

ಸುಳ್ಳು ಗಿರಾಕಿಗಳಿಗೆ ನಿಜದಂಥ ದಿನಾಂಕಗಳು ಬೇಕಾಗಿದ್ದವು. ಮಂಡ್ಯ, ಮಳವಳ್ಳಿಗಳ ಮ್ಯಾನೇಜರುಗಳು ಹಿಂದಿನ ವರ್ಷದ ಮುಹೂರ್ತದ ದಿನಗಳನ್ನು ಫೋನಿನಲ್ಲೇ ಓದಿ ಹೇಳಿದರು. ಮದ್ದೂರಿನವರು ಮಾತ್ರ "ಪುಸ್ತಕ ಇಲ್ಲೇ ಅದೆ, ಬಂದು ನೋಡ್ಕ" ಎಂದು ಫೋನಿಟ್ಟರು. ಜನವರಿ 3, ಶನಿವಾರ, ಹನ್ನೊಂದೂವರೆಯ ಹೊತ್ತಿಗೆ ಹೋದೆ. ಅರವತ್ತರ ಹತ್ತಿರದ ಮನುಷ್ಯ, ಖಾಲಿ ಛತ್ರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಉದ್ದನೆಯ ರಟ್ಟಿನ ಪುಸ್ತಕ, ದಿನಕ್ಕೊಂದು ಪುಟ. ಪ್ರತಿ ಮದುವೆಗೂ ಒಂದು ಪುಟದ ನಡುವಿನಿಂದ ಶುರುವಾಗಿ ಮುಂದಿನ ಪುಟದ ನಡುವಿನವರೆಗೆ ಕೆಂಪು ಪೆನ್ಸಿಲಿನ ಗೀಟು. ಎರಡು ಪುಟದಲ್ಲೂ ಅದೇ ವಿವರ. ನಾನು ಎರಡನೆಯದನ್ನು ಮಾತ್ರ ಬರೆದುಕೊಳ್ಳುತ್ತಾ ಹೋದೆ. ಅವರು ನೋಡುತ್ತಲೇ ಇದ್ದರು.

"ಅದ್ಯಾಕವ್ವ, ಮೊದ್ಲ್ನೇ ಆಳೆ ಬುಟ್ಟು ಎರಡ್ನೇದು ಬರ್ಕತಾ ಇದ್ದೀಯ?"

"ಒಂದೇ ಮದುವೆ ಎರಡು ಕಡೆ ಬರೆದಿದ್ದೀರಲ್ಲ. ನಾನು ಸರಿ ಮಾಡ್ಕೊಳ್ತೀನಿ."

"ಮಾಡವ್ವ, ಸರಿ ಮಾಡು. ನಾನು ಇಪ್ಪತ್ತೊರ್ಸದಿಂದ ತಪ್ಪೇ ಬರ್ಕಂಡ್ ಬಂದಿವ್ನಿ."

ಅದು ಕುಹಕ ಎಂದು ನನಗೆ ಗೊತ್ತಾಗಲಿಲ್ಲ ಅಂತಲ್ಲ. ಗೊತ್ತಾಯಿತು. ವಯಸ್ಸಾದವರ ಮುನಿಸು ಎಂದುಕೊಂಡೆ. ಆ ದಿನದ ಡೈರಿಯನ್ನು ಹಾಗೇ ಕೊಡುತ್ತೇನೆ: "ಮದ್ದೂರು. ಮದುವೆ 38, ಬರೆದಿರುವುದು 76 ಕಡೆ. ನಕಲು 38 ತೆಗೆದೆ. ಅಶಿಸ್ತು." ಈ ನಾಲ್ಕು ವಾಕ್ಯದ ಮೇಲೆ ಈಗ ನನಗಿರುವ ತಾತ್ಸಾರ ಕಚೇರಿಯ ಯಾರ ಮೇಲೂ ಇಲ್ಲ. ಸಹೋದ್ಯೋಗಿ ಮರೆಮಾಡಿದ್ದು ಒಂಬತ್ತು ಮತ್ತು ನಾಲ್ಕು. ನಾನು ಅಳಿಸಿದ್ದು ಮೂವತ್ತೆಂಟು.

ಜನವರಿ 14ರ ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ ನಲವತ್ತಾರಕ್ಕೆ ನಲವತ್ತಾರೂ ಹಸಿರಾದವು. ಯಜಮಾನರು ಪರದೆಯ ಫೋಟೊ ತೆಗೆದು ಮಾಲೀಕರಿಗೆ ಕಳಿಸಿದರು. ಮಾಲೀಕರು ಕೈಮುಗಿದ ಚಿತ್ರ ಕಳಿಸಿದರು. ಒಪ್ಪಿಗೆ ಮುಗಿಯಿತು. ಹಬ್ಬ ಕಳೆದ ಮಾರನೇ ದಿನ ಸೈಟು ತೆರೆಯಿತು, ಮೂರೂ ಛತ್ರದ ಪುಸ್ತಕಗಳನ್ನು ಮಾಲೀಕರು ತರಿಸಿಕೊಂಡು ಬೀರುವಿನಲ್ಲಿ ಇಟ್ಟರು. ಇನ್ನು ಮುಂದೆ ಕೈಬರಹ ಬೇಡ ಎಂದು ಅಪ್ಪಣೆ. ಮದ್ದೂರಿನ ಮ್ಯಾನೇಜರಿಗೆ ಪುಸ್ತಕದ ಬದಲು ಒಂದು ಟ್ಯಾಬು ಕೊಟ್ಟರು.

ಫೆಬ್ರುವರಿ 4, ಬುಧವಾರ, ಹನ್ನೆರಡೂ ಹತ್ತು. ಮದ್ದೂರಿನಿಂದ ಫೋನು.

"ಅವ್ವಾ, ಪರೀಕ್ಸೆ ಮೇಡಮ್ಮಾ. ನಿನ್ ಕಂಪ್ಯೂಟ್ರು ಒಂದೇ ಸಂಜೇನ ಇಬ್ರಿಗ್ ಕೊಟ್ಬುಟ್ಟದೆ."

ವಿಷಯ ಹೀಗಿತ್ತು. ಯಲಿಯೂರಿನ ಒಬ್ಬ ತಾಯಿ, ಮದುವೆ ಮನೆಯವರಿಗೆ ರವಿಕೆ ಹೊಲಿದುಕೊಡುವವರು, ತಮ್ಮ ಮಗಳ ಮದುವೆಗೆ ಮದ್ದೂರಿನ ಛತ್ರವನ್ನು ಫೋನಿನಲ್ಲಿ ಕಾದಿರಿಸಿದ್ದರು. ಮುಹೂರ್ತ ಸೋಮವಾರ, ಫೆಬ್ರುವರಿ 9ರ ಬೆಳಿಗ್ಗೆ. ಹಾಗಾಗಿ 9 ಎಂದು ಒತ್ತಿದ್ದರು. ನಮ್ಮ ಕಡೆ ಆರತಕ್ಷತೆ ಹಿಂದಿನ ದಿನದ ಸಂಜೆಯೇ ಆಗುವುದು, ಮುಹೂರ್ತಕ್ಕೆ ಛತ್ರ ಹಿಡಿದರೆ ಹಿಂದಿನ ಮಧ್ಯಾಹ್ನದಿಂದಲೇ ಬೀಗದ ಕೈ ಅವರದು. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಹೇಳಬೇಕಾಗಿ ಬಂದದ್ದೇ ಇಲ್ಲ. ಚಿಕ್ಕರಸಿನಕೆರೆಯ ಇನ್ನೊಂದು ಮನೆಯವರು, ಹಿಂದಿನ ವಾರ ಹುಡುಗನ ಮದುವೆ ಮುಗಿಸಿ, ಭಾನುವಾರ 8ಕ್ಕೆ ಅದೇ ಛತ್ರವನ್ನು ಬೀಗರ ಔತಣಕ್ಕೆ ಹಿಡಿದಿದ್ದರು. ಕುರಿ, ಮುದ್ದೆ, ಸಂಜೆಯವರೆಗೂ ಪಂಕ್ತಿ. ಇಬ್ಬರಿಗೂ "ನಿಮ್ಮ ಛತ್ರ ಖಚಿತವಾಗಿದೆ" ಎಂಬ ಮೆಸೇಜು ಹೋಗಿತ್ತು. ಔತಣದವರು ಕುರಿ ಎಲ್ಲಿ ಕಟ್ಟುವುದು ಎಂದು ಕೇಳಿ ಹೋದ ಅರ್ಧ ಗಂಟೆಗೆ ಆ ತಾಯಿ ಮ್ಯಾನೇಜರಿಗೆ ಲಗ್ನಪತ್ರಿಕೆ ಕೊಡಲು ಬಂದಿದ್ದಾರೆ. ಅದರಲ್ಲಿ ಅಚ್ಚಾಗಿತ್ತು: ಆರತಕ್ಷತೆ ಭಾನುವಾರ ಸಂಜೆ ಆರೂವರೆ.

ನಾನು ಯಜಮಾನರ ಬಳಿ ಹೋದೆ. ಅವರು ಕಂಪ್ಯೂಟರಿನಲ್ಲಿ ಎರಡೂ ದಿನಾಂಕ ನೋಡಿದರು.

"ಸೈಟು ಸರಿಯಾಗೇ ಅದಲ್ಲಮ್ಮ. ಎಂಟಕ್ಕೆ ಒಬ್ರು, ಒಂಬತ್ತಕ್ಕೆ ಒಬ್ರು. ಕ್ಲಾಶ್ ಎಲ್ಲಿ?"

"ಆರತಕ್ಷತೆ ಎಂಟರ ಸಂಜೆ ಸಾರ್."

"ಹಂಗಾದ್ರೆ ಅವ್ರು ಎಂಟೂ ಹಾಕ್ಬೇಕಿತ್ತು. ಯೂಸರ್ ತಪ್ಪು."

ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಅವರದೇ ಆರತಕ್ಷತೆಯ ಫೋಟೊ ಇದೆ, ಗುಲಾಬಿ ಹಾರ, ಹಿಂದೆ ಬಲೂನಿನ ಕಮಾನು.

"ಸಾರ್, ನಿಮ್ಮ ಆರತಕ್ಷತೆ ಯಾವತ್ತಾಯ್ತು? ಮುಹೂರ್ತದ ದಿನವೇನಾ?"

ತಿರುಗಿ ಫೋಟೊ ನೋಡಿದರು. "ಅದು ಬೇರೆ ವಿಷ್ಯ. ಪರೀಕ್ಷೆ ಪಾಸಾಗ್ಯದೆ, ಮಾಲೀಕ್ರು ಒಪ್ಕಂಡವ್ರೆ, ನಮ್ದೇನಿಲ್ಲ" ಎಂದರು. ಸ್ವಂತ ಮದುವೆಯ ಸಂಜೆಯನ್ನೇ ಬೇರೆ ವಿಷಯ ಮಾಡಬಲ್ಲ ಮನುಷ್ಯನಿಗೆ ಇನ್ನೊಬ್ಬರ ಮಗಳ ಸಂಜೆ ಏನು ಲೆಕ್ಕ.

ಬುಧವಾರ ಮಧ್ಯಾಹ್ನದಿಂದ ಶುಕ್ರವಾರ ಬೆಳಗಿನವರೆಗೆ ಮಂಡ್ಯ, ಮದ್ದೂರಿನಲ್ಲಿ ಹನ್ನೊಂದು ಛತ್ರಗಳಿಗೆ ಫೋನು ಮಾಡಿದೆ. ಒಂಬತ್ತರ ಮುಹೂರ್ತ ಒಳ್ಳೆಯದಂತೆ, ಹನ್ನೊಂದೂ ತುಂಬಿದ್ದವು. ಹನ್ನೊಂದರಲ್ಲಿ ಹನ್ನೊಂದೂ ಕಡೆ ಕೇಳಿದ ಮೊದಲ ಪ್ರಶ್ನೆ ಒಂದೇ: "ಹಿಂದಿನ್ ದಿನದ್ ಸಂಜೆಯಿಂದ್ಲಾ?" ಇದನ್ನು ಒಂದೇ ಒಂದು ಸಲ, ಡಿಸೆಂಬರಿನಲ್ಲಿ, ಒಂದೇ ಒಂದು ಛತ್ರಕ್ಕೆ ಗಿರಾಕಿಯ ಹಾಗೆ ಫೋನು ಮಾಡಿದ್ದರೆ ನಾನೂ ಕೇಳಿಸಿಕೊಳ್ಳಬಹುದಿತ್ತು. ಐದೂವರೆ ಗಂಟೆಯ ಗಡಿಯಾರ ತಿದ್ದುತ್ತಾ ಕೂತಿದ್ದೆ.

ಶುಕ್ರವಾರ ನಾಲ್ಕು ಗಂಟೆಗೆ ಮ್ಯಾನೇಜರು ಎರಡೂ ಕಡೆಯವರನ್ನು ಮದ್ದೂರಿನ ಛತ್ರಕ್ಕೆ ಕರೆಸಿದರು. ನಾನೂ ಹೋದೆ, ನನಗೆ ಹಲ್ಲುನೋವು ಎಂದು ಯಜಮಾನರಿಗೆ ಹೇಳಿ ಹೋದೆ. ಯಲಿಯೂರಿನ ತಾಯಿ ಬಂದಿದ್ದರು. ಔತಣದ ಮನೆಯಿಂದ ಹುಡುಗನ ದೊಡ್ಡಪ್ಪ ಬಂದಿದ್ದರು, ದಪ್ಪ ಮೀಸೆ, ಕೈಯಲ್ಲಿ ಫೋನು.

ದೊಡ್ಡಪ್ಪನೇ ಶುರು ಮಾಡಿದರು. "ಏನವ್ವ, ನಾಳಿದ್ದು ಊಟ, ಇವತ್ತು ಕರ್ದು ಇಲ್ಲ ಅಂತೀರಾ? ಬುಕ್ಕಾಗ್ಯದೆ ಅಂತ ಬಂದದಲ್ಲ ಇಲ್ಲಿ. ನಾನೇನ್ ಕದ್ದಿದ್ನಾ ಇದ್ನ?"

"ನಂಗೂ ಬಂದದೆ ಕಣಣ್ಣ," ಎಂದು ಆ ತಾಯಿ ತಮ್ಮ ಫೋನು ಚಾಚಿದರು. ಇಬ್ಬರೂ ಒಬ್ಬರ ಮೆಸೇಜನ್ನು ಒಬ್ಬರು ಓದಿದರು. ಅಕ್ಷರ ವ್ಯತ್ಯಾಸವಿರಲಿಲ್ಲ, ದಿನಾಂಕ ಬಿಟ್ಟು.

"ನಿಮ್ಮಿಬ್ರುದ್ದೂ ನಿಜವೇಯ," ಎಂದರು ಮ್ಯಾನೇಜರು. "ಸುಳ್ ಯೋಳ್ತಿರದು ಇದೊಂದೇ." ಮೇಜಿನ ಮೇಲಿನ ಟ್ಯಾಬನ್ನು ತೋರುಬೆರಳಿನಿಂದ ಆಚೆ ತಳ್ಳಿದರು.

ದೊಡ್ಡಪ್ಪ ನನ್ನನ್ನು ನೋಡಿದರು. "ಇದ್ಯಾರು?"

"ಕಂಪ್ಯೂಟ್ರುಗೆ ಪರೀಕ್ಸೆ ಮಾಡೋರು."

"ಓ! ಪಾಸಾಯ್ತೇನವ್ವ?"

"ಆಯ್ತು," ಎಂದೆ.

"ಎಷ್ಟಕ್ಕೆ ಎಷ್ಟು?"

"ನಲವತ್ತಾರಕ್ಕೆ ನಲವತ್ತಾರು."

ಮೂವರೂ ನಕ್ಕರು. ಆ ತಾಯಿ ಕೊನೆಗೆ ನಕ್ಕವರು, ಮೊದಲು ನಿಲ್ಲಿಸಿದವರೂ ಅವರೇ. "ಆರ್ನೂರು ಪತ್ರಿಕೆ ಕೊಟ್ಟಾಯ್ತು ಅಣ್ಣ," ಎಂದರು. "ಗಂಡಿನ್ ಕಡೆಯೋರು ಆರ್ ಗಂಟೆಗೆ ಬಂದು ಬಾಗ್ಲಲ್ಲಿ ನಿಂತ್ರೆ ನಾನ್ ಏನಂತ ಯೋಳ್ಳಿ? ಒಬ್ಳೇ ಮಾಡ್ತಾ ಇದ್ದೀನಿ ಮದ್ವೆಯ. ಈಗ್ಲೇ ಒಬ್ಳೇ ಅಂತ ಅಂದ್ಕತಾವ್ರೆ."

ದೊಡ್ಡಪ್ಪ ಮೀಸೆ ಉಜ್ಜಿಕೊಂಡರು. "ಸೋಮಾರದ್ ಮದ್ವೆಗೆ ಭಾನುವಾರ ಯಾಕೆ ಛತ್ರ ಅಂತ ಕೇಳುದ್ರೆ ನಾನೇ ಪೆದ್ದ ಆಯ್ತೀನಿ. ನಮ್ಮುಡುಗುಂದೂ ಅಂಗೇ ಆಗಿದ್ದು. ಆದ್ರೆ ಕುರಿ ತಂದಾಯ್ತು, ಬೀಗ್ರಿಗ್ ಯೋಳಾಯ್ತು." ಫೋನನ್ನು ಜೇಬಿಗೆ ಹಾಕಿಕೊಂಡರು. "ಅನ್ನೊಂದಕ್ಕೇ ಎಲೆ ಆಕುಸ್ತೀನಿ. ಮೂರಕ್ಕೆಲ್ಲ ಎದ್ಬುಡ್ತೀವಿ. ಬೀಗ್ರು ಅನ್ನೊಂದಕ್ಕೇ ಅಸ್ಕಂಡ್ ಬತ್ತಾರಾ ಅನ್ನದ್ ಮಾತ್ರ ನನ್ ಕೈಲಿಲ್ಲ."

ಎಲ್ಲರೂ ಒಪ್ಪಿದರು. ನನ್ನ ಜೀವನದಲ್ಲಿ ನಾನು ಕಂಡ ಒಪ್ಪಿಗೆಗಳಲ್ಲಿ ಅರ್ಥವಿದ್ದದ್ದು ಅದೊಂದೇ. ಹತ್ತು ನಿಮಿಷದಲ್ಲಿ, ಕಾಗದವಿಲ್ಲದೆ ಆಯಿತು.

ಭಾನುವಾರ ಬೆಳಿಗ್ಗೆ ಹತ್ತೂವರೆಗೇ ಹೋಗಿ ಛತ್ರದ ಎದುರು ನಿಂತೆ, ಡೈರಿ ಹಿಡಿದು. ಬೀಗರು ಹನ್ನೊಂದಕ್ಕೆ ಹಸಿದು ಬರಲಿಲ್ಲ. ಮೊದಲ ಪಂಕ್ತಿ ಕೂತದ್ದು 11.50ಕ್ಕೆ. ಒಟ್ಟು ಐದು ಪಂಕ್ತಿ. ದೊಡ್ಡಪ್ಪ ಎಲೆಯಿಂದ ಎಲೆಗೆ ಹೋಗಿ "ಬೇಗ ಉಣ್ರಪ್ಪ, ಆಮೇಲೆ ಮಾತಾಡ್ರಂತೆ" ಎನ್ನುತ್ತಿದ್ದುದು ಹೊರಗೆ ಕೇಳುತ್ತಿತ್ತು. ಬೀಗರನ್ನು ಬೇಗ ಉಣ್ಣಿ ಎಂದ ಮನುಷ್ಯನನ್ನು ಆ ಮನೆಯವರು ಬಹಳ ದಿನ ಮರೆಯಲಿಕ್ಕಿಲ್ಲ. ಆದರೂ ಕೊನೆಯ ಎಲೆ ಎತ್ತಿದ್ದು 4.35ಕ್ಕೆ.

ಹೆಣ್ಣಿನ ವ್ಯಾನು 3.40ಕ್ಕೇ ಬಂದಿತ್ತು. ಕಳಸ ಹಿಡಿದ ಮುತ್ತೈದೆಯರು, ಅರಿಶಿನ ಹಚ್ಚಿದ ಹುಡುಗಿ; ಮಾಂಸ ಬೇಯಿಸಿದ ಜಾಗಕ್ಕೆ ತೊಳೆಯದೆ ಕಳಸ ಒಯ್ಯುವ ಹಾಗಿಲ್ಲ. ನೆಲವನ್ನು ಮೂರು ಸಲ ತೊಳೆದರು. ಮ್ಯಾನೇಜರು ಪಂಚೆ ಮೇಲೆ ಕಟ್ಟಿ ತಾವೇ ಪೊರಕೆ ಹಿಡಿದರು. ನಾನು ಬಕೆಟ್ಟು ಹೊತ್ತೆ, ಹದಿನೇಳು. ಅಷ್ಟೂ ಹೊತ್ತು ಹುಡುಗಿ ಬಿಸಿಲಲ್ಲಿ ನಿಂತ ವ್ಯಾನಿನಲ್ಲೇ ಕೂತಿದ್ದಳು: ಒಂದು ಗಂಟೆ ಮೂವತ್ತೈದು ನಿಮಿಷ. ಫೋಟೊದವನು ಕಿಟಕಿಯಿಂದ ಅವಳನ್ನು ತೆಗೆಯಲು ಹೋದಾಗ ಬೈದು ಕಳಿಸಿದಳು, ಒಳ್ಳೆಯದೇ ಮಾಡಿದಳು.

ಅಡುಗೆಯವರಿಗೆ ಒಲೆ ಸಿಕ್ಕಿದ್ದೇ 4.50ಕ್ಕೆ. ಆರೂವರೆಯ ಆರತಕ್ಷತೆ ಶುರುವಾದದ್ದು 8.25ಕ್ಕೆ. ಗಂಡಿನ ಕಡೆಯವರು ಎರಡು ಗಂಟೆ ಕುರ್ಚಿಗಳಲ್ಲಿ ಕೂತರು. ಅವರಲ್ಲಿ ಒಬ್ಬ ಹೆಂಗಸು, ಹುಡುಗನ ಸೋದರತ್ತೆಯಂತೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಗಂಡ್ಸಿಲ್ಲದ್ ಮನೆ ನೋಡಿ. ಛತ್ರ ಇಡಿಯಕ್ಕೂ ಬರ್ನಿಲ್ಲ."

ಆ ತಾಯಿಗೆ ಕೇಳಿಸಿತು. ತಟ್ಟೆಯಲ್ಲಿದ್ದ ಕುಂಕುಮವನ್ನು ಮುಂದಿನವರಿಗೆ ಚಾಚಿದರು. ನಾನು ಆ ಅತ್ತೆಯ ಬಳಿ ಹೋಗಿ, ತಪ್ಪು ನಮ್ಮ ಕಚೇರಿಯದು, ಸೈಟಿನದು, ಅವರು ಸರಿಯಾಗೇ ಕಾದಿರಿಸಿದ್ದರು ಎಂದೆ. ಅವರು ನನ್ನ ಒದ್ದೆ ಚೂಡಿದಾರವನ್ನು ಮೇಲಿಂದ ಕೆಳಗೆ ನೋಡಿ, "ನೀನು ಅಡ್ಗೆಯೋರ್ ಕಡೆಯೋಳಾ?" ಎಂದು ಕೇಳಿ ಇನ್ನೊಂದು ಕಡೆ ತಿರುಗಿದರು. ಹೋಗುವಾಗ ಆ ತಾಯಿಗೆ ಕ್ಷಮೆ ಕೇಳಿದೆ.

"ಮದ್ವೆ ಆಯ್ತದೆ ಬುಡವ್ವ," ಎಂದರು. "ಅವ್ಳು ಅಂದಿದ್ದು ಓಗಕ್ಕಿಲ್ಲ."

ಮಂಗಳವಾರ ಕಚೇರಿಯಲ್ಲಿ ಸಭೆ ನಡೆಯಿತು. ಯಜಮಾನರು ಸೈಟಿನ ಕೊನೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, "ಗ್ರಾಹಕರು ಹಿಂದಿನ ದಿನವನ್ನೂ ತಾವೇ ಕಾದಿರಿಸತಕ್ಕದ್ದು" ಎಂಬ ಸಾಲು ಸೇರಿಸಿದರು. ಇದು ಪರಿಹಾರ ಎಂದು ಅವರು ನಿಜವಾಗಿಯೂ ನಂಬಿದ್ದಾರೆ. ನಾನು ಪರೀಕ್ಷೆ 47 ಬರೆದೆ: ಮುಹೂರ್ತಕ್ಕೆ ಛತ್ರ ಹಿಡಿದರೆ ಹಿಂದಿನ ದಿನ ಬೇರೆಯವರಿಗೆ ಸಿಗಬಾರದು. ಸೈಟು ತಿದ್ದದ ಕಾರಣ ಅದು ಕೆಂಪಾಗಿದೆ. ಸಹೋದ್ಯೋಗಿ ಇಲ್ಲಿಯವರೆಗೆ ಐದು ಸಲ "ಸದ್ಯಕ್ಕೆ ಬಿಡು" ಎಂದು ಗುರುತು ಹಾಕಿದ್ದಾನೆ, ಐದು ಸಲ ತೆಗೆದಿದ್ದೇನೆ. ಮಾಲೀಕರು ಎಲ್ಲಕ್ಕೂ ಇಪ್ಪತ್ತನಾಲ್ಕು ಗಂಟೆ ಎಂದುಬಿಡಿ ಎಂದರಂತೆ. ಯಾವ ಇಪ್ಪತ್ತನಾಲ್ಕು ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಈ ಸಲ ಮೂರೂ ಮ್ಯಾನೇಜರುಗಳನ್ನು ನಾನೇ ಹೋಗಿ ಕೇಳಿದೆ. ಮದ್ದೂರಿನಲ್ಲಿ ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬೀಗದ ಕೈ. ಮಂಡ್ಯದಲ್ಲಿ ನಾಲ್ಕಕ್ಕೆ, ಯಾಕೆಂದರೆ ಅಲ್ಲಿ ಸಾಲಾಗಿ ಮದುವೆಗಳು, ಒಬ್ಬರು ಹೊರಟರೆ ಇನ್ನೊಬ್ಬರು ಒಳಗೆ. ಮಳವಳ್ಳಿಯಲ್ಲಿ ಹಿಂದಿನ ದಿನದ ಬೆಳಿಗ್ಗೆಯೇ, ಆದರೆ ಅಡುಗೆಯವರಿಗೆ ಮಾತ್ರ; ಮನೆಯವರು ರಾಹುಕಾಲ ನೋಡಿಕೊಂಡು ಯಾವಾಗ ಬೇಕಾದರೂ ಬರಬಹುದಂತೆ. ಬೀಗರ ಔತಣವಾದರೆ ಎಷ್ಟು ಹೊತ್ತು ಬಿಡುವು ಬೇಕು ಎಂಬುದಕ್ಕೆ ಮೂವರೂ ಮೂರು ಮಾತು ಹೇಳಿದರು. ನಾನು ಅಂದುಕೊಂಡದ್ದಕ್ಕಿಂತ ಇದು ಕಷ್ಟದ ಲೆಕ್ಕ.

ಇದನ್ನು ಬರೆಯುತ್ತಿರುವ ಫೆಬ್ರುವರಿ 22ರಂದು, ಮೇ ಕೊನೆಯವರೆಗೆ ಕಾದಿರಿಸಿದ್ದನ್ನೆಲ್ಲ ಒಂದೊಂದಾಗಿ ನೋಡಿದ್ದೇನೆ. ಔತಣವೋ ನಾಮಕರಣವೋ ಒಂದು ದಿನ, ಮಾರನೇ ದಿನ ಮದುವೆ: ಹೀಗೆ ತಗುಲಿಕೊಂಡಿರುವ ಜೋಡಿಗಳು ಏಳು. ಎರಡೂ ಮನೆಯವರಿಗೆ ನಾನೇ ಫೋನು ಮಾಡುತ್ತಿದ್ದೇನೆ. ನಾಲ್ಕು ಜೋಡಿ ಬಗೆಹರಿದಿದೆ. ಎರಡು ಕಡೆ ಪತ್ರಿಕೆ ಅಚ್ಚಾಗಿಬಿಟ್ಟಿದೆ. ಒಂದು ಮನೆಯವರು ಫೋನು ಎತ್ತುತ್ತಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಛತ್ರ ನಡೆಸುವವರು, ಅಡುಗೆ ಮಾಡುವವರು, ಈಚೆಗೆ ಮನೆಯಲ್ಲಿ ಮದುವೆ ಮಾಡಿದವರು ಇದನ್ನು ಓದುತ್ತಿದ್ದರೆ, ನನಗೆ ಮೂರು ವಿಷಯ ಬೇಕು. ನಿಮ್ಮಲ್ಲಿ ಬೀಗದ ಕೈ ಎಷ್ಟು ಹೊತ್ತಿಗೆ ಕೈಗೆ ಬಂತು, ಮೊದಲು ಒಳಗೆ ಹೋದವರು ಯಾರು, ಕೊನೆಯ ಪಾತ್ರೆ ಹೊರಗೆ ಬಂದದ್ದು ಯಾವಾಗ. ಅಂದಾಜು ಬೇಡ, ಗಂಟೆ ನಿಮಿಷ ನೆನಪಿದ್ದಷ್ಟು ಹೇಳಿ. ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದರೆ ನನಗೆ ತಲುಪುತ್ತದೆ. ನನ್ನ ಲೆಕ್ಕದಲ್ಲಿ ಇನ್ನೂ ತಪ್ಪಿದ್ದರೆ ಅದನ್ನೂ ಬರೆಯಿರಿ.